ವಿಶಾಲಕ್ಕನ ಹೆಸರಲ್ಲಿ ವಠಾರದ ಕಾಯಿಲೆ

ನಾನು ಒಂದು ಡಿಸ್ಕೌಂಟ್ ಕಾರ್ಡು. ಔಷಧಿ ಅಂಗಡಿಯವರು ಕೊಡುತ್ತಾರಲ್ಲ, ಹಸಿರು ಬಣ್ಣದ ಪ್ಲಾಸ್ಟಿಕ್ ತುಂಡು, ಅದೇ. ನಗಬೇಡಿ. ನಿಮ್ಮ ಪರ್ಸಿನಲ್ಲೂ ನನ್ನಂಥವು ನಾಲ್ಕಾರು ಬಿದ್ದಿರುತ್ತವೆ. ನೀವು ಏನೇನು ನುಂಗುತ್ತೀರಿ ಅನ್ನುವುದು ನಿಮ್ಮ ಅತ್ತೆಗೆ ಗೊತ್ತಿಲ್ಲದಿರಬಹುದು, ನಮಗೆ ಗೊತ್ತು.

ಒಂದು ಯಂತ್ರ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಕಚಕ್ ಕಚಕ್ ಎಂದು ಕತ್ತರಿಸಿದಾಗ ನಾನು ಹುಟ್ಟಿದೆ. ಆಗ ನನಗೆ ಹೆಸರಿರಲಿಲ್ಲ. ಮೈಸೂರಿನ ಒಂದು ಔಷಧಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಸುಮ್ಮನೆ ಬಿದ್ದಿದ್ದೆ. ಒಂದು ದಿನ ಊದುಬತ್ತಿ ವಾಸನೆ ಹೊತ್ತುಕೊಂಡು ಒಬ್ಬ ಹೆಂಗಸು ಬಂದು ಮಗಳ ಜ್ವರಕ್ಕೆ ಔಷಧಿ ಕೇಳಿದಳು. ಅಂಗಡಿಯವನು ಅವಳ ಫೋನ್ ನಂಬರು ಕೇಳಿ, ನನ್ನ ಬೆನ್ನ ಮೇಲೆ 'ವಿಶಾಲಾಕ್ಷಿ' ಎಂದು ಬರೆದು ಕೊಟ್ಟ. ಬಿಲ್ಲಿನಲ್ಲಿ ಒಂದಿಷ್ಟು ಬಿಡುವ ಯೋಗ್ಯತೆ ನನಗೆ ಬಂದದ್ದು ಅವತ್ತೇ.

ವಿಶಾಲಕ್ಕ ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಗಂಡ ಎಂಬ ಮಹಾಶಯ ಬೇರೊಬ್ಬಳ ಜೊತೆ ಮಂಡ್ಯದಲ್ಲಿ ಸಂಸಾರ ಹೂಡಿದ್ದ. ಮನೆಯಲ್ಲಿ ಇವಳು, ಏಳನೇ ಕ್ಲಾಸಿನ ಮಗಳು ಹಂಸ, ಇಬ್ಬರೇ. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಮೈ ಅವಳದು. ತಲೆನೋವು ಬಂದರೆ ಸೆರಗು ಬಿಗಿದು ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳೇ ಹೊರತು ಒಂದು ಮಾತ್ರೆ ನುಂಗಿದ್ದನ್ನು ನಾನು ಕಾಣೆ.

ಹಾಗಾದರೆ ನಾನು ಖಾಲಿ ಕೂತಿದ್ದೆನೇ? ಎಲ್ಲಿಯ ಮಾತು! ಅವರದು ಸಾಲಾಗಿ ಮನೆಗಳಿರುವ ವಠಾರ, ಎಲ್ಲರಿಗೂ ಸೇರಿ ಒಂದು ನಲ್ಲಿ. ಆ ನಲ್ಲಿಯ ಹಾಗೇ ಆಗಿಹೋದೆ ನಾನೂ. "ವಿಶಾಲು, ನಿನ್ನ ಕಾರ್ಡ್ ಕೊಡೇ" ಎಂದು ಒಬ್ಬರಾದ ಮೇಲೆ ಒಬ್ಬರು ಬರುತ್ತಿದ್ದರು. ಎದುರು ಮನೆಯ ತಾಯಮ್ಮನಿಗೆ ಸಕ್ಕರೆ ಕಾಯಿಲೆ. ನೀರಿಗೆ ದಿನಾ ಜಗಳವಾಡುವ ಬಾಯಿಬಡುಕಿ, ನನ್ನನ್ನು ಮಾತ್ರ ನಾಚಿಕೆಯಿಲ್ಲದೆ ಒಯ್ಯುತ್ತಿದ್ದಳು. ವಠಾರದ ಮಾಲೀಕ ಶ್ರೀಕಂಠಯ್ಯನವರಿಗೆ ಬಿ.ಪಿ. ಅಷ್ಟು ಬಾಡಿಗೆ ಎಣಿಸುವ ಮನುಷ್ಯನಿಗೂ ಔಷಧಿಯಲ್ಲಿ ಉಳಿತಾಯ ಬೇಕಿತ್ತು, ಥೂ! ಇನ್ನು ಪಕ್ಕದ ಮನೆಯ ಕೋಮಲಕ್ಕ. ವಿಶಾಲಕ್ಕನ ಪ್ರಾಣ ಸ್ನೇಹಿತೆ, ಮಾತೆಂದರೆ ಜೇನು. ಅವಳು ನನ್ನನ್ನು ಸೆರಗಿನಡಿ ಮುಚ್ಚಿಕೊಂಡು ಹೋಗುತ್ತಿದ್ದಳು. ಅವಳ ಮಗಳು ಪವಿತ್ರಾಗೆ ಫಿಟ್ಸ್ ಇತ್ತು. ಇದು ಗೊತ್ತಿದ್ದದ್ದು ಕೋಮಲಕ್ಕನಿಗೆ, ವಿಶಾಲಕ್ಕನಿಗೆ, ನನಗೆ.

ಅಂಗಡಿಯವನು ಡಾಕ್ಟರ ಚೀಟಿಯ ಮೇಲೆ ಯಾರ ಹೆಸರಿದೆ ಎಂದು ನೋಡುತ್ತಿರಲಿಲ್ಲ. ಚೀಟಿ ಯಾರದ್ದೋ, ಕಾರ್ಡು ನಾನು, ಬಿಲ್ಲು ವಿಶಾಲಾಕ್ಷಿಯದು. ಹೀಗೆ ಮೂರು ವರ್ಷ ಇಡೀ ವಠಾರದ ಕಾಯಿಲೆಗಳು ಅಂಗಡಿಯ ಕಂಪ್ಯೂಟರಿನಲ್ಲಿ ಅವಳೊಬ್ಬಳ ಹೆಸರಿಗೆ ಹೋಗಿ ಕೂತವು.

ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ವಿಶಾಲಕ್ಕನ ಪಕ್ಕ ಕೂರುತ್ತಿದ್ದ ಸಾವಿತ್ರಿ, ಊಟದ ಡಬ್ಬಿ ತೆಗೆಯುತ್ತಿದ್ದವಳು, ಅಲ್ಲೇ ಒರಗಿ ಸತ್ತಳು. ಅವಳ ಇಬ್ಬರು ಮಕ್ಕಳನ್ನು ನೆಂಟರು ಒಂದೊಂದು ಊರಿಗೆ ಒಬ್ಬೊಬ್ಬರಂತೆ ಕರೆದುಕೊಂಡು ಹೋದರು. ದೊಡ್ಡವಳು ಸ್ಕೂಲು ಬಿಟ್ಟು ಚಿಕ್ಕಮ್ಮನ ಮನೆ ಪಾತ್ರೆ ತಿಕ್ಕುತ್ತಿದ್ದಾಳೆ ಎಂದು ಸುದ್ದಿ ಬಂತು. ಅವತ್ತು ವಿಶಾಲಕ್ಕ ಹಂಸಳಿಗೆ ಅನ್ನ ಬಡಿಸಿ ತಾನು ಉಣ್ಣದೆ ಕೂತಳು. ಮರುದಿನವೇ ಜೀವ ವಿಮೆಗೆ ಅರ್ಜಿ ಹಾಕಿದಳು.

"ಕಾಯಿಲೆ ಏನಾದ್ರೂ ಇದ್ಯಾ? ಮಾತ್ರೆ?" ಎಂದು ಕೇಳಿದರು. "ಏನೂ ಇಲ್ಲ" ಎಂದಳು. ಬರೆದುಕೊಂಡರು. ರಕ್ತ ತೆಗೆದರು, ಎಲ್ಲ ಚೆನ್ನಾಗಿ ಬಂತು. ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರಗಳ ಕೆಳಗೆ ಸಹಿ ಹಾಕಿಸಿಕೊಂಡರು. ಅವಳ ಔಷಧಿ ಖರೀದಿಯ ವಿವರ ಕಂಪನಿ ನೋಡಬಹುದು ಎಂದು ಅಲ್ಲಿ ಬರೆದಿತ್ತು. ಯಾರು ಓದುತ್ತಾರೆ ಹೇಳಿ!

ಸ್ವಲ್ಪ ದಿನಕ್ಕೆ ಆಫೀಸಿಗೆ ಬರಹೇಳಿದರು. ನಾನು ಪರ್ಸಿನೊಳಗಿದ್ದೆ. ಕನ್ನಡಕದ ಅಧಿಕಾರಿಯೊಬ್ಬ, ಕಳ್ಳಿಯನ್ನು ಹಿಡಿದವನ ಖುಷಿಯಲ್ಲಿ ಮಾತು ತೆಗೆದ.

"ಸಕ್ಕರೆ ಮಾತ್ರೆ ತಗೊಂಡಿದೀರ. ಬಿ.ಪಿ. ಮಾತ್ರೆ ತಗೊಂಡಿದೀರ. ಫಿಟ್ಸ್ ಮಾತ್ರೆ ಒಂದು ತಿಂಗಳೂ ತಪ್ಪಿಸಿಲ್ಲ. ಏನೂ ಇಲ್ಲ ಅಂತ ಬರೆಸಿದೀರಲ್ಲ ಮೇಡಂ?"

ವಿಶಾಲಕ್ಕನಿಗೆ ನಗು ಬಂತು. "ಅಯ್ಯೋ ಸಾರ್, ಅದೆಲ್ಲ ನಮ್ಮ ವಠಾರದೋರ್ದು. ನನ್ನ ಕಾರ್ಡಲ್ಲಿ ತಗೋತಾರೆ ಅಷ್ಟೇ. ನನ್ನ ರಕ್ತದಲ್ಲಿ ಏನೂ ಇಲ್ಲ ಅಂತ ನೀವೇ ನೋಡಿದ್ರಲ್ಲ?"

"ಮಾತ್ರೆ ನುಂಗ್ತಾ ಇದ್ರೆ ರಿಪೋರ್ಟ್ ಚೆನ್ನಾಗೇ ಬರತ್ತೆ."

ಕೇಳಿದಿರಾ ಅವನ ಜಾಣತನವನ್ನು? ಕಾಯಿಲೆ ಕಂಡರೂ ಕಾಯಿಲೆ, ಕಾಣದಿದ್ದರೂ ಕಾಯಿಲೆ! ನನಗೆ ಬಾಯಿದ್ದಿದ್ದರೆ ಅಲ್ಲೇ ಜನ್ಮ ಜಾಲಾಡುತ್ತಿದ್ದೆ. ಕೊನೆಗೆ ಅವನು, ಮಾತ್ರೆ ಯಾರದ್ದೋ ಅವರ ಹೆಸರಿನ ಡಾಕ್ಟರ ಚೀಟಿ ತಂದರೆ ನೋಡೋಣ ಎಂದ. ಇಲ್ಲದಿದ್ದರೆ ಅರ್ಜಿ ತಿರಸ್ಕಾರ. ಒಮ್ಮೆ ತಿರಸ್ಕಾರವಾದರೆ ಬೇರೆ ಕಂಪನಿಯವರೂ ಅದನ್ನೇ ಮೊದಲು ಕೇಳುತ್ತಾರೆ.

ಶ್ರೀಕಂಠಯ್ಯನವರು ಗೊಣಗುತ್ತ, ವಿಶಾಲಕ್ಕನದೇ ಏನೋ ತಪ್ಪೆಂಬಂತೆ ಮುಖ ಸಿಂಡರಿಸಿ ಚೀಟಿ ಕೊಟ್ಟರು. ತಾಯಮ್ಮನ ಬಾಗಿಲಿಗೆ ಹೋಗಲು ವಿಶಾಲಕ್ಕನಿಗೆ ಕಾಲೇ ಬರಲಿಲ್ಲ, ಆ ಬೆಳಿಗ್ಗೆಯಷ್ಟೇ ಕೊಡ ಎಸೆದಾಡಿದ್ದರು. ತಾಯಮ್ಮ ವಿಷಯ ಕೇಳಿದವಳೇ ಒಳಗಿನಿಂದ ಚೀಟಿ ತಂದು ಎಸೆದಳು. "ನಿನ್ನ ಮುಖ ನೋಡಿ ಕೊಡ್ತಿಲ್ಲ ತಿಳ್ಕೋ. ನನ್ನ ಸಕ್ಕರೆ ಕಾಯಿಲೆ ನಿನ್ನ ಹೆಸರಿಗೆ ಯಾಕೆ ಹೋಗ್ಬೇಕು? ನನ್ದು ನನಗೇ ಇರ್ಲಿ!"

ಉಳಿದದ್ದು ಫಿಟ್ಸ್. ಅಲ್ಲಿ ಕಷ್ಟವೇ ಇಲ್ಲ ಎಂದುಕೊಂಡು ವಿಶಾಲಕ್ಕ ಕೋಮಲಕ್ಕನ ಮನೆಗೆ ಹೋದಳು. ಕೋಮಲಕ್ಕ ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದಳು. "ಪವಿತ್ರಾಗೆ ಗಂಡು ಗೊತ್ತಾಗಿದೆ. ಅವರಿಗೆ ಹೇಳಿಲ್ಲ. ಈಗ ಚೀಟಿ ಹೊರಗೆ ಹೋದ್ರೆ ನನ್ನ ಮಗಳ ಗತಿ ಏನು?"

"ನನ್ನ ಮಗಳ ಗತಿ ಏನು ಕೋಮಲಕ್ಕ?"

"ಒಂದು ಪಾಲಿಸಿ ಇಲ್ದೇ ಹೋದ್ರೆ ನೀನೇನು ಸಾಯ್ತೀಯಾ?"

"ಸತ್ರೇ ಬೇಕಾಗೋದು ಅದು" ಎಂದು ವಿಶಾಲಕ್ಕ ಎದ್ದು ಬಂದಳು.

ಅಧಿಕಾರಿಯ ಮುಂದೆ ಎರಡು ಚೀಟಿ ಇಟ್ಟಳು. "ಫಿಟ್ಸ್ ಯಾರದು? ಹೆಸರು ಹೇಳಿ, ನಾವೇ ವಿಚಾರಿಸ್ತೀವಿ" ಎಂದ. ಹೇಳು, ಹೇಳೇ ಹುಚ್ಚಿ, ಎಂದು ನಾನು ಪರ್ಸಿನೊಳಗೆ ಒದ್ದಾಡಿದೆ. ಅವಳು ನೆಲ ನೋಡುತ್ತ ನಿಂತಳು. ಅವನು ಉಗುರಿನಿಂದ ಮೇಜು ಕುಟ್ಟಿದ, ಮತ್ತೆ ಕೇಳಿದ, ಇನ್ನೊಂದು ವಾರ ಕಾಯುತ್ತೇನೆ ಎಂದು ಕಡತ ಮುಚ್ಚಿದ. ಅವಳ ಒಳ್ಳೆಯತನದ ಮೇಲೆ ನನಗೆ ಎಂಥ ಸಿಟ್ಟು ಬಂತೆಂದರೆ, ಮನೆಗೆ ಬರುವ ದಾರಿಯಲ್ಲೇ ಪರ್ಸಿನಿಂದ ಬಿದ್ದುಹೋಗಬೇಕು ಅನ್ನಿಸಿತು.

ಅದೇ ಸಂಜೆ ವಿಶಾಲಕ್ಕ ಚಪಾತಿ ಮಣೆ ತೊಳೆಯಲು ಕೂತಿದ್ದಳು. ಹೊಸ್ತಿಲಲ್ಲಿ ಕೋಮಲಕ್ಕ, ಹಿಂದೆ ಪವಿತ್ರ.

"ವಿಶಾಲು, ಕಾರ್ಡ್ ಕೊಡೇ. ಮಾತ್ರೆ ಮುಗ್ದಿದೆ."

ನಿಜವಾಗಿ ಹೇಳುತ್ತೇನೆ, ಹಾಗೆಯೇ ಕೇಳಿದಳು. ಯಾವತ್ತಿನ ಜೇನಿನ ದನಿಯಲ್ಲೇ. ವಿಶಾಲಕ್ಕ ಪರ್ಸಿನಿಂದ ನನ್ನನ್ನು ತೆಗೆದಳು. ಕೊಟ್ಟೇಬಿಡುತ್ತಾಳೆ ಎಂದುಕೊಂಡೆ. ಅವಳು ನನ್ನ ಅಂಚಿನಿಂದ ಚಪಾತಿ ಮಣೆಗೆ ಅಂಟಿದ್ದ ಒಣ ಹಿಟ್ಟನ್ನು ಗರಗರ ಕೆರೆಯತೊಡಗಿದಳು.

"ಮಗಳಿಗೆ ಹೆಸರಿಟ್ಟಿದೀಯಲ್ಲ, ಅದರಲ್ಲೇ ತಗೋ ಹೋಗು."

ಕೋಮಲಕ್ಕ ಬಾಯಿಗೆ ಬಂದದ್ದು ಅಂದಳು. ಹೊಟ್ಟೆಕಿಚ್ಚು ಅಂದಳು, ಗಂಡ ಬಿಟ್ಟವಳಿಗೆ ಇನ್ನೊಬ್ಬರ ಮನೆಯ ಮದುವೆ ಕಂಡರಾಗದು ಅಂದಳು. ವಿಶಾಲಕ್ಕ ಕೆರೆಯುತ್ತಲೇ ಇದ್ದಳು. ಕಣ್ಣೀರು ಮಣೆಯ ಮೇಲೆ ಬಿದ್ದು ಹಿಟ್ಟು ಮತ್ತೆ ನೆನೆಯಿತು. ಪವಿತ್ರ ನನ್ನನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಆ ಹುಡುಗಿ ಒಬ್ಬಳೇ ಬಂದಳು. ಕೈಯಲ್ಲಿ ಡಾಕ್ಟರ ಫೈಲು.

"ನಡೀರಿ ಅಕ್ಕ, ಆಫೀಸಿಗೆ."

"ನಿಮ್ಮಮ್ಮಂಗೆ ಗೊತ್ತಾ?"

"ಹುಡುಗಂಗೂ ಹೇಳ್ದೆ, ಈಗ ಫೋನ್ ಮಾಡಿ."

"ಅಯ್ಯೋ, ಯಾಕೆ ಹೇಳ್ದೆ ಪವಿ!"

"ಮತ್ತೇನ್ಮಾಡ್ಲಿ ಅಕ್ಕ? ಅವರ ಮನೆಗೂ ನಿಮ್ಮ ಕಾರ್ಡ್ ತಗೊಂಡು ಹೋಗ್ಲಾ?"

ಅಧಿಕಾರಿ ಫೈಲನ್ನು ತಿರುವಿ ತಿರುವಿ ನೋಡಿದ. ಅಂಗಡಿಯವನನ್ನು ಕರೆಸಿ ಬರೆಸಿಕೊಂಡ. ಇನ್ನೊಮ್ಮೆ ಪರೀಕ್ಷೆ ಮಾಡಿಸಿದ. ಒಂದು ಕ್ಷಮೆಯ ಮಾತಾಡಿದನೇ? ಅವನ ತಲೆ! ಪಾಲಿಸಿ ಮಾತ್ರ ಬಂತು. ವಿಶಾಲಕ್ಕ ಅದನ್ನು ಟ್ರಂಕಿನ ತಳದಲ್ಲಿ ಹಂಸಳ ಬರ್ತ್ ಸರ್ಟಿಫಿಕೇಟಿನ ಜೊತೆ ಇಟ್ಟಳು.

ಗಂಡಿನ ಕಡೆಯವರು ಫೋನ್ ಎತ್ತುವುದನ್ನೇ ಬಿಟ್ಟರು. ಕೋಮಲಕ್ಕ ನಲ್ಲಿಯ ಬಳಿ ನಿಂತು ವಿಶಾಲಕ್ಕನಿಗೆ ಹಿಡಿ ಮಣ್ಣು ತೂರಿ ಶಾಪ ಹಾಕಿದಳು. ಇವತ್ತಿಗೂ ಇವಳನ್ನು ಕಂಡರೆ ಕೊಡ ಎತ್ತಿಕೊಂಡು ಮುಖ ತಿರುಗಿಸುತ್ತಾಳೆ. ಹತ್ತು ವರ್ಷದ ಸ್ನೇಹ ಹೋಯಿತು. ಹೋಗಲಿ ಎಂದು ನಾನಂದರೂ ವಿಶಾಲಕ್ಕ ಆ ಮನೆಯ ಬಾಗಿಲನ್ನು ನೋಡುವುದು ಬಿಟ್ಟಿಲ್ಲ.

ವಿಶಾಲಕ್ಕ ತನ್ನ ನಂಬರನ್ನು ಅಂಗಡಿಯಲ್ಲಿ ತೆಗೆಸಿಹಾಕಿದ್ದರಿಂದ ನನಗೀಗ ಬೆಲೆಯಿಲ್ಲ. ಅಡುಗೆಮನೆ ಕಿಟಕಿಯಲ್ಲಿ ಪಾತ್ರೆ ತಿಕ್ಕುವ ನಾರಿನ ಪಕ್ಕ ನನ್ನ ವಾಸ. ಚಪಾತಿ ಮಣೆ ಕೆರೆಯುವುದೇ ಕೆಲಸ. ಬೆನ್ನ ಮೇಲಿನ ಹೆಸರು ಸವೆದು ಹೋಗಿದೆ. ಮನುಷ್ಯರ ಮೇಲೆ ನನಗೆ ಮೊದಲೂ ಗೌರವವಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಆದರೆ ಈ ಕಿಟಕಿಯಿಂದ ನಲ್ಲಿ ಕಾಣುತ್ತದೆ. ದಿನಾ ಬೆಳಿಗ್ಗೆ ಎಲ್ಲರೂ ಕೊಡ ಹಿಡಿದು ನಿಂತಿರುವಾಗ ಪವಿತ್ರ ಬರುತ್ತಾಳೆ. ತಾನೇ ತನ್ನ ಹೆಸರಲ್ಲಿ ತಂದ ಮಾತ್ರೆಯನ್ನು ಸೆರಗಿನಡಿ ಮುಚ್ಚದೆ ಅಂಗೈ ಮೇಲೆ ಇಟ್ಟುಕೊಳ್ಳುತ್ತಾಳೆ. ಕೋಮಲಕ್ಕ ತಲೆ ತಗ್ಗಿಸುತ್ತಾಳೆ. 

ಆಗ ತಾಯಮ್ಮ ತನ್ನ ಕೊಡವನ್ನು ಪಕ್ಕಕ್ಕೆ ಸರಿಸಿ, ಚೊಂಬಿಗೆ ನೀರು ಹಿಡಿದು ಕೊಡುತ್ತ ಗದರುತ್ತಾಳೆ:

"ಏನಾದ್ರೂ ತಿಂದ್ಯೇನೇ? ಬರೀ ಹೊಟ್ಟೇಲಿ ನುಂಗ್ಬೇಡ!"