ಟೂಲ್ ಪೆಟ್ಟಿಗೆಯ ಬಾಟಲಿ

"ಆ ಅನ್ನು ಗುಬ್ಬೀ, ಇನ್ನೂ ದೊಡ್ಡದಾಗಿ," ಎನ್ನುತ್ತ ಹಲ್ಲಿನ ಡಾಕ್ಟರಮ್ಮ ಪುಟ್ಟ ಕನ್ನಡಿಯನ್ನು ಮಗುವಿನ ಬಾಯೊಳಗೆ ಇಳಿಸಿದರು. ಗೋಡೆಗೆ ಒರಗಿ ನಿಂತಿದ್ದ ಅಪ್ಪ ಕತ್ತು ಚಾಚಿ ನೋಡಿದ. ಅಮ್ಮನ ತೊಡೆಯ ಮೇಲೆ ಕೂತಿದ್ದ ಮೂರೂವರೆ ವರ್ಷದ ಗುಬ್ಬಿಯ ಮುಂದಿನ ನಾಲ್ಕು ಹಲ್ಲುಗಳೂ ಬುಡದವರೆಗೆ ಕಪ್ಪಾಗಿದ್ದವು.

ಅಪ್ಪ ಟಿಂಕರ್. ಜಜ್ಜಿಹೋದ ಕಾರುಗಳ ತಗಡನ್ನು ಬಡಿದು ಸರಿಮಾಡುವವನು. ತುಕ್ಕು ತಿಂದು ತೂತಾದ ಮೇಲೆ ಗಾಡಿ ತರುವ ಗಿರಾಕಿಗಳನ್ನು ಅವನು ಮುಖಮೂತಿ ನೋಡದೆ ಬೈಯುತ್ತಿದ್ದ: "ಕಡಲೆಕಾಳಷ್ಟು ಚುಕ್ಕೆ ಇದ್ದಾಗ ಏನ್ ಕತ್ತೆ ಕಾಯ್ತಿದ್ರಾ?" ಈಗ ಆ ಮಾತು ಅವನತ್ತಲೇ ತಿರುಗಿತ್ತು.

"ಹಾಲುಹಲ್ಲಲ್ವಾ ಡಾಕ್ಟ್ರೇ, ಹೇಗೂ ಬಿದ್ದುಹೋಗುತ್ತೆ," ಎಂದ ರೇಗುತ್ತ.

"ಬೀಳೋಕೆ ಇನ್ನೂ ಮೂರು ವರ್ಷ ಇದೆ. ಅಲ್ಲೀವರ್ಗೂ ಅಗಿಯೋಕೆ ನಿಮ್ಮ ಹಲ್ಲು ಸಾಲ ಕೊಡ್ತೀರಾ?" ಡಾಕ್ಟರಮ್ಮ ಕನ್ನಡಿ ಕೆಳಗಿಟ್ಟರು. "ಈ ನಾಲ್ಕು ಕೀಳಲೇಬೇಕು, ಮುಂದಿನ ವಾರ. ದವಡೆಯವು ಈಗಷ್ಟೇ ಹುಳುಕು ಹಿಡೀತಿವೆ, ಉಳಿಸಬಹುದು. ಆದ್ರೆ ಇದು ಸಿಹಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗೋದ್ರಿಂದ ಬರೋದು. ಬಾಟಲಿ ಬಿಡಿಸಿದೀರಾ?"

"ವರ್ಷ ಆಯ್ತು," ಎಂದಳು ಹೆಂಡತಿ. "ನಾನೇ ಕೈಯಾರೆ ಬಿಸಾಕಿದೀನಿ. ಎರಡು ಹೊತ್ತೂ ಬ್ರಶ್ ಮಾಡಿಸ್ತೀನಿ ಡಾಕ್ಟ್ರೇ, ಆಣೆ ಮಾಡಿ ಹೇಳ್ತೀನಿ."

"ಹಾಗಾದ್ರೆ ಇಷ್ಟಾಗಬಾರದಿತ್ತಲ್ಲಮ್ಮಾ."

ಹೆಂಡತಿ ಕಳ್ಳಿಯಂತೆ ತಲೆ ತಗ್ಗಿಸಿದಳು.

ಡಾಕ್ಟರಮ್ಮನ ಮೇಲೆ ಅವನಿಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಇವಳು ಪ್ಯಾಕಿಂಗ್ ಫ್ಯಾಕ್ಟರಿಗೆ ಹೋದರೆ ಸಂಜೆವರೆಗೂ ಗುಬ್ಬಿ ಶೆಡ್ಡಿನಲ್ಲಿ ಅವನ ಜೊತೆ. ಸುತ್ತಿಗೆ ಏಟು ಬಿದ್ದರೆ ಸಾಕು, ಮಗು ಕಿಟಾರನೆ ಕಿರುಚುತ್ತಿತ್ತು. ಒಂದು ದಿನ ಅವನು ಹೊಸ ಬಾಟಲಿ ತಂದು, ಎರಡು ಚಮಚ ಸಕ್ಕರೆ ಹಾಕಿದ ಹಾಲು ತುಂಬಿ ಬಾಯಿಗಿಟ್ಟ. ಬಡಿತದ ನಡುವೆಯೇ ನಿದ್ದೆಹೋಯಿತು. ಅಂದಿನಿಂದ ಟೂಲ್ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಪಕ್ಕ ಒಂದು ಬಾಟಲಿ. ದಿನಕ್ಕೆ ಮೂರು ಸಲ. "ಅಮ್ಮಂಗೆ ಹೇಳ್ಬಾರ್ದು, ಆಯ್ತಾ?" ಎಂದು ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದು ನಗಿಸಿದ್ದ. ಈಗಲೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಗುಬ್ಬಿ ಅವನನ್ನೇ ನೋಡುತ್ತಿದ್ದಳು. ಮೆಲ್ಲಗೆ ತನ್ನ ಪುಟ್ಟ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಳು.

"ನಾನೇ," ಎಂದ. ದನಿ ಬೇಡದಷ್ಟು ಜೋರಾಯಿತು. "ಅವಳನ್ನೇನ್ ನೋಡ್ತೀರಾ? ನಾನೇ ಕೊಡ್ತಿದ್ದಿದ್ದು. ಶೆಡ್ಡಲ್ಲಿ. ಸಕ್ಕರೆ ಹಾಕಿ."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗುಬ್ಬಿಯನ್ನೆತ್ತಿಕೊಂಡು ನೇರ ಶೆಡ್ಡಿಗೆ ನಡೆದಳು. ಬಾಗಿಲಲ್ಲಿ ನಿಂತು, "ಎಲ್ಲಿ?" ಎಂದಳು. ಅವನು ಪೆಟ್ಟಿಗೆ ತೆರೆದು ತೋರಿಸಿದ. ಗ್ರೀಸ್ ಮೆತ್ತಿದ ಆ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು.

ಮರುದಿನ ಕಾರಿನ ಜಜ್ಜಿದ ಬಾಗಿಲೊಂದು ಕಾಯುತ್ತಿತ್ತು. ಗಿರಾಕಿ ಆಗಲೇ ಎರಡು ಸಲ ಫೋನ್ ಮಾಡಿದ್ದ. ಟೈರಿನ ಮೇಲೆ ಕೂತ ಗುಬ್ಬಿ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ನಿದ್ದೆ ಹೋಗದೆ. ಅವನು ಸುತ್ತಿಗೆ ಎತ್ತಿದ. ಅವಳು ಲೋಟ ಕೆಳಗಿಟ್ಟು ಕಿವಿ ಮುಚ್ಚಿಕೊಂಡಳು.

ಅವನು ಸುತ್ತಿಗೆ ಇಳಿಸಿದ. ಹಳೇ ಟೈರ್ ಟ್ಯೂಬಿನಿಂದ ರಬ್ಬರ್ ಕತ್ತರಿಸಿ ಸುತ್ತಿಗೆಯ ತಲೆಗೆ ಸುತ್ತತೊಡಗಿದ, ಒಂದು ಸುತ್ತು, ಇನ್ನೊಂದು ಸುತ್ತು.