ಇಲಿಯ ಜೊಲ್ಲು, ಗಂಗೆಯ ಅನ್ನ

ಕೋಲಸಿರ್ಸಿಯ ಚೌಡನ ಹೆಂಡತಿ ಗಂಗೆಗೆ ಕಳೆದ ವರ್ಷ ಬಾಯಿಯ ಗಂಟಿಗೆಂದು ಹುಬ್ಬಳ್ಳಿಯಲ್ಲಿ ಮೂವತ್ತು ಸಲ ಕರೆಂಟು, ಅಂದರೆ ವಿಕಿರಣ, ಕೊಟ್ಟಿದ್ದರು. ಗಂಟು ಹೋಯಿತು, ಅದರ ಜೊತೆ ಜೊಲ್ಲೂ ಬತ್ತಿತು. ಅನ್ನವನ್ನು ಎಷ್ಟು ಅಗಿದರೂ ಮೊದಲಿನ ಸಣ್ಣ ಸಿಹಿ ಬರುತ್ತಿರಲಿಲ್ಲ. ಬಾಯಲ್ಲೇ ಕರಗದ್ದು ಹೊಟ್ಟೆಗೆ ಹೋಗಿ ಕರಗೀತೇ ಎಂದು ಅವಳು ಊಟ ಕಡಿಮೆ ಮಾಡುತ್ತ ಬಂದಳು. ಚೌಡ ಗದರಿಸಿ ನೋಡಿದ, ಬೇಡಿಕೊಂಡ. ಕೊನೆಗೆ ಅವಳ ಊಟ ದಿನಕ್ಕೆರಡು ಲೋಟ ಗಂಜಿತಿಳಿಗೆ ಬಂದು ನಿಂತಿತ್ತು.

ಗದ್ದೆ ಕೊಯ್ಲು ಮುಗಿದ ಮೇಲೆ ಚೌಡನ ತಮ್ಮನ ಮಗಳು ರಕ್ಷಿತಾ ಬಂದಳು. ಧಾರವಾಡದಲ್ಲಿ ಇಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ತಂದಿದ್ದ ತಂತಿ ಬೋನುಗಳಲ್ಲಿ ಎರಡನ್ನು ಭತ್ತದ ಚೀಲಗಳ ನಡುವೆ, ಎರಡನ್ನು ಬೆಟ್ಟದ ಅಂಚಿನಲ್ಲಿ ಇಟ್ಟಳು. ಬೆಳಿಗ್ಗೆ ಒಂದು ಮನೆಯಿಲಿ, ಒಂದು ಕಾಡಿಲಿ ಸಿಕ್ಕಿದ್ದವು. ಚೌಡ ತಾನೇ ಇಟ್ಟಿದ್ದ ಇಲಿ ಹಿಡಿಯುವ ಕತ್ತರಿಯಲ್ಲಿ ಇನ್ನೊಂದು ಮನೆಯಿಲಿ ಆಗಷ್ಟೇ ಸತ್ತಿತ್ತು.

ರಕ್ಷಿತಾ ಜಗಲಿಯಲ್ಲಿ ಕೂತು ಗಾಜಿನ ನಳಿಗೆಗಳಿಗೆ ತೆಳು ಗಂಜಿನೀರು ಹೊಯ್ದು ಅಯೋಡಿನ್ ಬಿಟ್ಟಳು. ಗಂಜಿಯ ಹಿಟ್ಟಿಗೆ ನೀರು ಕಡುನೀಲಿಯಾಯಿತು. ಕಾಡಿಲಿಯ ಬಾಯಿಗೆ ಹತ್ತಿ ತಾಗಿಸಿ ಒಂದರಲ್ಲಿ ಅದ್ದಿದಳು, ಮನೆಯಿಲಿಯದನ್ನು ಇನ್ನೊಂದರಲ್ಲಿ. ಚೌಡ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಮನೆಯಿಲಿಯ ನಳಿಗೆಯಲ್ಲಿ ನೀಲಿ ತೆಳುವಾಗುತ್ತ ಬಂದು, ಕೊನೆಗೆ ಬರೀ ನೀರು ಉಳಿಯಿತು. ಕಾಡಿಲಿಯದು ಇದ್ದ ಹಾಗೇ ಇತ್ತು.

"ಒಂದೆರಡು ಇಲಿ ನೋಡಿ ಎಂತದೂ ಹೇಳೂಕಾಗೂದಿಲ್ಲ ದೊಡ್ಡಪ್ಪ," ಎಂದಳು ರಕ್ಷಿತಾ. "ಆದ್ರೆ ಮನೆಯಿಲಿ ಜೊಲ್ಲು ಹಿಟ್ಟನ್ನ ಸಕ್ಕರೆ ಮಾಡ್ತದೆ. ಅದಕ್ಕೇ ಬಣ್ಣ ಹೋಯ್ತು."

ಚೌಡ ತಾನೂ ಇನ್ನೊಂದು ನಳಿಗೆಯಲ್ಲಿ ಉಗುಳಿದ. ನೀಲಿ ಹೋಯಿತು. ಬಾಗಿಲಲ್ಲಿ ನಿಂತಿದ್ದ ಗಂಗೆ, "ನಂದೂ ನೋಡು," ಎಂದಳು.

ಹತ್ತಿಗೆ ಅಂಟಿದ್ದು ಒಂದಿಷ್ಟು ಪಸೆ; ರಕ್ಷಿತಾ ಅದನ್ನೇ ಮತ್ತೊಂದು ನಳಿಗೆಯಲ್ಲಿ ಅದ್ದಿದಳು. ಐದು ನಿಮಿಷ, ಹತ್ತು ನಿಮಿಷ ಕಳೆಯಿತು. ನೀಲಿ ಕದಲಲಿಲ್ಲ.

"ನಾ ಹೇಳ್ಲಿಲ್ವಾ," ಎಂದಳು ಗಂಗೆ, ಗಂಡನ ಕಡೆ ನೋಡದೆ. "ನನಗೆ ಅನ್ನ ಹಾಕೂದು ದಂಡ."

ರಕ್ಷಿತಾ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಹಿಟ್ಟನ್ನ ಸಕ್ಕರೆ ಮಾಡೂ ಈ ರಸ ತಯಾರು ಮಾಡೂದು ಹ್ಯಾಂಗೆ ಅಂತ ನಮ್ಮ ಮೈಯೊಳಗೆ ಒಂದು ಬರಹ ಇರ್ತದೆ ದೊಡ್ಡಮ್ಮ. ಜೀನು ಅಂತಾರೆ. ಬಹಳ ಹಿಂದೆ, ನಕಲಾಗೂವಾಗ ಅದು ಎರಡು ಸಲ ಬರೆದುಹೋಯ್ತು. ಒಂದು ಹಳೇ ಕೆಲಸಕ್ಕೇ ಉಳೀತು, ಹೊಟ್ಟೆಯೊಳಗೆ. ಇನ್ನೊಂದರ ಸ್ವಿಚ್ಚು ಬದಲಾಗಿ ಅದು ಬಾಯಲ್ಲಿ ಹತ್ತಿಕೊಂಡ್ತು. ಕರೆಂಟು ಸುಟ್ಟದ್ದು ಬಾಯಿಯ ಗ್ರಂಥಿ. ಹೊಟ್ಟೇದು ಹಾಂಗೇ ಅದೆ."

"ನೀ ಸಮಾಧಾನಕ್ಕೆ ಹೇಳ್ತಿ."

ರಕ್ಷಿತಾ ಸತ್ತ ಮನೆಯಿಲಿಯ ಹೊಟ್ಟೆ ಬಿಡಿಸಿ, ಜಠರದ ಹಿಂದಿನಿಂದ ಮೇದೋಜೀರಕ ಗ್ರಂಥಿಯ ನಸುಗೆಂಪಿನ ಒಂದು ಚೂರು ತೆಗೆದಳು. ಅರೆದು ನೀರಲ್ಲಿ ಕದಡಿ, ಒಂದೇ ಹನಿಯನ್ನು ಗಂಗೆಯ ನಳಿಗೆಗೇ ಬಿಟ್ಟಳು.

ಅಷ್ಟು ಹೊತ್ತು ಅಲ್ಲಾಡದ ನೀಲಿ, ಹನಿ ಬಿದ್ದಲ್ಲಿಂದಲೇ ಬಿರಿಯಿತು. ಅವರು ನೋಡುತ್ತಿದ್ದಂತೆ ನಳಿಗೆಯಾಚೆ ಅಂಗಳದ ಬಿಸಿಲು ಕಂಡಿತು. ಗಂಗೆ ನಳಿಗೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಇಷ್ಟು ನನ್ನ ಹೊಟ್ಟೆಯಲ್ಲೂ ಅದೆಯಾ?"

"ಇದಕ್ಕಿಂತ ಎಷ್ಟೋ ಹೆಚ್ಚು."

ಬಿತ್ತನೆಯ ಭತ್ತ ತಿಂದವೆಂದು ಜೀವಮಾನವಿಡೀ ಇಲಿಗಳನ್ನು ಬೈದಿದ್ದ ಚೌಡ ಕೇಳಿದ: "ನಮಗೂ ಇಲಿಗೂ ಇದನ್ನ ಕೊಟ್ಟದ್ದು ಒಬ್ಬನೇ ಅಜ್ಜನಾ?"

"ಮೊದಲಿನ ಬರಹ ಒಬ್ಬನೇ ಅಜ್ಜಂದು. ಎರಡಾದದ್ದು ಮಾತ್ರ ಬೇರೆ ಬೇರೆ. ಇಲಿಯಲ್ಲಿ ಅದರಷ್ಟಕ್ಕೆ, ನಮ್ಮಲ್ಲಿ ನಮ್ಮಷ್ಟಕ್ಕೆ."

ಚೌಡ ಬೋನಿನೊಳಗೆ ಮೀಸೆ ಒರೆಸಿಕೊಳ್ಳುತ್ತಿದ್ದ ಪುಟ್ಟ ಪ್ರಾಣಿಯನ್ನು ದೇವರ ಮುಂದೆ ಕೂತವನಂತೆ ನೋಡುತ್ತ ಉಳಿದ.

ಮಧ್ಯಾಹ್ನ ಗಂಗೆ ತಾನೇ ಬಡಿಸಿಕೊಂಡಳು. ಅನ್ನ ಮೆತ್ತಗೆ ಕಲಸಿ, ತುತ್ತಿಗೊಂದು ಗುಟುಕು ನೀರು ಕುಡಿಯುತ್ತ ತಟ್ಟೆ ಖಾಲಿ ಮಾಡಿದಳು. ಆಮೇಲೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು.

"ಎಂತ, ನೋವಾ?" ಎಂದ ಚೌಡ.

"ಅಲ್ಲ. ಒಳಗೆ ಕೆಲಸ ನಡೀತಾ ಅದೆ."

ಹೋಳಿಯ ಹೊತ್ತಿಗೆ ಅವಳ ತೂಕ ಮೂರು ಕಿಲೋ ಏರಿತ್ತು. ಬಾಯಿ ಮಾತ್ರ ಇನ್ನೂ ಒಣಗಿಯೇ ಇದೆ. ಸಿದ್ದಾಪುರದ ಪೇಟೆಗೆ ಹೋದರೂ ನೀರಿನ ಬಾಟಲಿ ಬಿಡುವುದಿಲ್ಲ.