ಡಾಕ್ಟ್ರ ಊಟ ಆಯ್ತಾ?

"ಸೊಪ್ಪಿನ ಕವರ್ ಸದ್ದು ಮಾಡು," ಎಂದರು ಫೋನಿನಲ್ಲಿ ಸಿಸ್ಟರಮ್ಮ. "ಆ ಸದ್ದಿಗೇ ಎರಡೂ ಕೂಗ್ತವೆ. ಫೋನನ್ನ ಗೂಡಿನ ಹತ್ರ ಹಿಡಿ. ಇಲ್ಲಿ ಬರೀ ನರಳೋರ ದನಿ ಕೇಳಿ ಸಾಕಾಗಿದೆ."

ಅವಳು ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಗೂಡು ಖಾಲಿಯಿತ್ತು. ತಳದ ತಟ್ಟೆಯನ್ನು ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ, ಮತ್ತೆ ಕೂರಿಸಿಯಾಗಿತ್ತು. ಅವಳು ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಹಿಂಡಿ ಸದ್ದು ಮಾಡುತ್ತ ಬಾಗಿಲಲ್ಲಿ ನಿಂತಿದ್ದ ಗಂಡನತ್ತ ನೋಡಿದಳು. ಅವನು ಬಸ್ ಕಂಡಕ್ಟರ್. ಆಗಷ್ಟೇ ಕೆಲಸ ಮುಗಿಸಿ ಬಂದವನು, ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಿದ್ದವನು, ಹೆಂಡತಿಯ ಮುಖ ನೋಡಿ ವಿಷಯ ಅರ್ಥಮಾಡಿಕೊಂಡ. ಮೆಲ್ಲಗೆ ಬಂದು ಫೋನಿಗೆ ಬಾಗಿದ. ತುಟಿ ಚೂಪು ಮಾಡಿ, ಬಾಯಿಗೆ ಕೈ ಮರೆಮಾಡಿ, "ವೀಕ್, ವೀಕ್, ವೀಈಕ್" ಎಂದು ಸಿಳ್ಳೆ ಹಾಕಿದ.

ಆ ಕಡೆ ಆಸ್ಪತ್ರೆಯ ಕಾರಿಡಾರಿನಲ್ಲಿ ತಳ್ಳುಗಾಡಿಯೊಂದು ಕಿರುಗುಟ್ಟುತ್ತ ಹೋದದ್ದು ಕೇಳಿಸಿತು.

"ಇದು ಡಾಕ್ಟ್ರು," ಎಂದರು ಸಿಸ್ಟರಮ್ಮ. "ಕಾಂಪೌಂಡರ್ ಎಲ್ಲಿ?"

ಅವಳು ಗಂಡನಿಗೆ ಎರಡು ಬೆರಳು ತೋರಿಸಿದಳು. ಅವನು ದನಿಯನ್ನು ಇನ್ನಷ್ಟು ತೆಳ್ಳಗೆ ಮಾಡಿಕೊಂಡು ಮತ್ತೊಮ್ಮೆ ಕೂಗಿದ.

"ಗಂಟಲು ಕಟ್ಟಿದ ಹಾಗಿದೆ. ಇರ್ಲಿ. ಇವತ್ತು ಏನೇನು ಹಾಕ್ದೆ?"

"ಹುಲ್ಲು ತುಂಬಿಸಿದೀನಿ ಸಿಸ್ಟರಮ್ಮ. ಒಂದೊಂದಕ್ಕೆ ಒಂದೊಂದು ಹಿಡಿ ಸೊಪ್ಪು. ದೊಣ್ಣೆ ಮೆಣಸಿನಕಾಯಿ ಒಂದೊಂದು ಹೋಳು. ಸೌತೆಕಾಯಿ ಚೂರು."

"ಎಲ್ಲಾ ತಿಂದ್ವಾ?"

"ಹತ್ತೇ ನಿಮಿಷ. ತಟ್ಟೆ ಖಾಲಿ."

ಫೋನ್ ಇಟ್ಟದ್ದೇ ಕಂಡಕ್ಟರ್ ಗೋಡೆಗೆ ಒರಗಿ ಕುಸಿದ. "ಇಷ್ಟು ವರ್ಷ ಬಸ್ಸಲ್ಲಿ ವಿಷಲ್ ಊದಿದ್ದು ಇವತ್ತು ಸಾರ್ಥಕ ಆಯ್ತು ನೋಡು," ಎಂದ. ಅವಳಿಗೂ ನಗು ತಡೆಯಲಾಗಲಿಲ್ಲ. ಬಾಯಿಗೆ ಬಟ್ಟೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಎರಡೂ ಗಿನಿಪಿಗ್‌ಗಳು ಹಿತ್ತಿಲ ಗೋಡೆಯ ಬುಡದಲ್ಲಿ ಮಣ್ಣಾಗುತ್ತಿದ್ದದ್ದು ಆ ನಗುವಿಗೆ ಅಡ್ಡ ಬರಲಿಲ್ಲ.

ಸಿಸ್ಟರಮ್ಮ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಮದುವೆಯಾಗಿರಲಿಲ್ಲ. ಕೆಲಸದಿಂದ ನಿವೃತ್ತರಾದ ತಿಂಗಳೇ ಎರಡು ಗಿನಿಪಿಗ್ ತಂದು ಒಂದಕ್ಕೆ ಡಾಕ್ಟ್ರು, ಇನ್ನೊಂದಕ್ಕೆ ಕಾಂಪೌಂಡರ್ ಎಂದು ಹೆಸರಿಟ್ಟರು. "ಜೀವಮಾನ ಪೂರ್ತಿ ಡಾಕ್ಟ್ರು ಹೇಳಿದ್ದು ನಾನು ಕೇಳ್ದೆ. ಈಗ ನಾನು ಹಾಕಿದ್ದು ಡಾಕ್ಟ್ರು ತಿನ್ನಲಿ," ಎನ್ನುತ್ತಿದ್ದರು. ಮನೆಯ ಹಿಂಬದಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೇಳಿಕೊಂಡು ಎಷ್ಟೋ ಜನ ಬಂದು ಬರಿಗೈಲಿ ಹೋಗಿದ್ದರು. ಈ ಗಂಡ ಹೆಂಡತಿ ಬಂದ ದಿನ ಡಾಕ್ಟ್ರು ಅವಳ ಬೆರಳನ್ನು ಬಹಳ ಹೊತ್ತು ಮೂಸಿತು. ಅವಳು ಬೇಕರಿಯ ಕೌಂಟರಿನಲ್ಲಿ ನಿಲ್ಲುವವಳು, ಕೈಗೆ ಬ್ರೆಡ್ಡಿನ ವಾಸನೆ ಅಂಟಿಕೊಂಡೇ ಇರುತ್ತಿತ್ತು. ಸಿಸ್ಟರಮ್ಮ ಅದನ್ನು ಬೇರೆ ಥರ ಅರ್ಥಮಾಡಿಕೊಂಡರು. "ಇವಳ ಕೈ ಇದಕ್ಕೆ ಹಿಡಿಸ್ತು," ಎಂದು ಬೀಗದ ಕೈ ಕೊಟ್ಟರು. "ನಾನಿಲ್ದಾಗ ಇವೆರಡನ್ನ ನೋಡ್ಕೋಬೇಕು. ಅಷ್ಟೇ ಕರಾರು. ಅದಾಗಲ್ಲ ಅನ್ನೋ ದಿನ ಮನೇನೂ ಇಲ್ಲ."

ಹಿಂದಿನ ಮನೆಯಿಂದ ಗಂಡ ಹೆಂಡತಿಯ ಸಾಮಾನುಗಳನ್ನು ಮನೆಯೊಡೆಯ ಬೀದಿಗೆ ಇಡಿಸಿದ್ದ. ಹಾಸಿಗೆ, ಪಾತ್ರೆ, ಅವಳ ಒಳಬಟ್ಟೆ ತುಂಬಿದ ಬಕೆಟ್ಟು ಎಲ್ಲ ದಾರಿಹೋಕರ ಎದುರಿಗೆ. ಬಸ್ಸಿನಿಂದ ಇಳಿದ ಶಾಲೆಯ ಮಕ್ಕಳು ಆ ಬಕೆಟ್ಟನ್ನು ಒದ್ದುಕೊಂಡು ಹೋದರು. ಇಲ್ಲಿಂದ ತಾನು ಕದಲುವುದಿಲ್ಲ ಎಂದು ಅವಳು ಬೀಗದ ಕೈ ಹಿಡಿದ ಗಳಿಗೆಯೇ ನಿಶ್ಚಯಿಸಿದ್ದಳು.

ಸಿಸ್ಟರಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸ್ಟ್ರೆಚರ್ ಮೇಲೆ ಮಲಗಿಸಿದ ಮೇಲೂ ಆಂಬುಲೆನ್ಸಿನವನನ್ನು ತಡೆದು ನಿಲ್ಲಿಸಿ, ಅವಳ ಮಣಿಕಟ್ಟು ಹಿಡಿದು ಪಾಠ ಒಪ್ಪಿಸಿಕೊಂಡರು.

"ಮೊದಲು ಏನು?"

"ಒಣಹುಲ್ಲು. ಹಗಲೂ ರಾತ್ರಿ ತುಂಬಿರ್ಬೇಕು."

"ಅದೇ ಊಟ. ಉಳಿದಿದ್ದೆಲ್ಲ ನೆಂಚಿಕೊಳ್ಳೋಕೆ. ಹಲ್ಲು ಬೆಳೀತಾನೇ ಇರುತ್ತೆ ಅವಕ್ಕೆ, ಹುಲ್ಲು ಅಗಿದೇ ಸವೀಬೇಕು. ಆಮೇಲೆ?"

"ಸೊಪ್ಪು. ದೊಣ್ಣೆ ಮೆಣಸಿನಕಾಯಿ."

"ಅದು ಒಂದಿನಾನೂ ತಪ್ಪಬಾರದು. ನಮ್ಮ ಹಾಗೇ ಅವಕ್ಕೂ ಸಿ ವಿಟಮಿನ್ ಮೈಯಲ್ಲಿ ಹುಟ್ಟಲ್ಲ, ಬಾಯಿಂದಾನೇ ಹೋಗ್ಬೇಕು. ಬ್ರೆಡ್ಡು, ಬಿಸ್ಕತ್ತು?"

"ಕೊಡಬಾರದು."

"ಕೊಟ್ರೆ?"

"ಹೊಟ್ಟೆ ಉಬ್ಬುತ್ತೆ."

"ಉಬ್ಬಿದ್ರೆ?"

ಅವಳು ಆಂಬುಲೆನ್ಸಿನವನ ಕಡೆ ನೋಡಿದಳು.

"ಬಾಯಿಬಿಟ್ಟು ಹೇಳೇ."

"ಸಾಯ್ತವೆ."

"ಹಾಂ. ನಡೀರಪ್ಪಾ," ಎಂದರು ಸಿಸ್ಟರಮ್ಮ.

ಹುಲ್ಲು ಮುಗಿಯಿತು. ಹುಲ್ಲು ಮಾರುವ ಮಂಡಿ ಕಂಡಕ್ಟರ್‌ನ ಬಸ್ಸಿನ ಕೊನೆಯ ನಿಲ್ದಾಣದ ಪಕ್ಕದಲ್ಲೇ ಇತ್ತು. ಅವನು ಒಂದು ದಿನ ಮರೆತ. ಮರುದಿನ ಮಂಡಿಗೆ ರಜ. ಅದರ ಮರುದಿನ ಡಬಲ್ ಡ್ಯೂಟಿ. "ನಾಳೆ ತರ್ತೀನಿ ಕಣೇ, ಏನು ಸತ್ತೋಗ್ತಾವಾ?" ಎಂದ. ಅವಳು ಬೇಕರಿಯಲ್ಲಿ ಉಳಿದ ಬನ್ನು ತಂದು ಮುರಿದು ಹಾಕಿದಳು. ಎರಡೂ ಮುಗಿಬಿದ್ದು ತಿಂದವು. ಮರುದಿನವೂ ಹಾಕಿದಳು. "ಹುಲ್ಲಿಗಿಂತ ಇದೇ ಇಷ್ಟ ರೀ ಇವಕ್ಕೆ," ಎಂದಳು. ಸೊಪ್ಪಿಗೆಂದು ಸಂತೆಗೆ ಹೋಗುವುದೂ ತಪ್ಪಿತು.

ಒಂದು ಬೆಳಗ್ಗೆ ಡಾಕ್ಟ್ರು ಸತ್ತು ಅಡ್ಡ ಬಿದ್ದಿತ್ತು. ಹೊಟ್ಟೆ ಬೆರಳಲ್ಲಿ ಬಡಿದರೆ ಸದ್ದಾಗುವಷ್ಟು ಬಿಗಿದಿತ್ತು. ಕಾಂಪೌಂಡರ್ ಅದರ ಪಕ್ಕೆಗೆ ಮೂತಿ ಒತ್ತಿಕೊಂಡು ಕೂತಿತ್ತು. ಆಗ ಅವಳು ಓಡಿಹೋಗಿ ಕೊತ್ತಂಬರಿ ತಂದಳು, ಸೌತೆಕಾಯಿ ತಂದಳು, ಪಕ್ಕದ ಖಾಲಿ ನಿವೇಶನದಿಂದ ಹಸಿ ಹುಲ್ಲನ್ನೂ ಕಿತ್ತು ತಂದಳು. ಕಾಂಪೌಂಡರ್ ಯಾವುದನ್ನೂ ಮೂಸಲಿಲ್ಲ. ಎರಡು ದಿನ ಹಾಗೇ ಕೂತಿದ್ದು ಅದೂ ಹೋಯಿತು. ಕಂಡಕ್ಟರ್ ಬೇಕರಿಯ ಕೇಕಿನ ಡಬ್ಬದಲ್ಲಿ ಅದನ್ನಿಟ್ಟು ಡಾಕ್ಟ್ರ ಮಗ್ಗುಲಲ್ಲೇ ಗುಂಡಿ ತೋಡಿದ. "ಲಾಸ್ಟ್ ಸ್ಟಾಪ್. ಇಳೀರಿ, ಇಳೀರಿ," ಎಂದ. ಅವಳು ಅವನ ಬೆನ್ನಿಗೆ ಗುದ್ದಿದಳು.

ಅವಳು ಹೇಳಲೆಂದೇ ಫೋನ್ ಮಾಡಿದ್ದಳು. ಎತ್ತಿದ್ದು ವಾರ್ಡಿನ ನರ್ಸು. "ನಾಳೆ ಆಪರೇಷನ್ ಇದೆ, ಬಿಪಿ ಇಳೀತಿಲ್ಲ. ಸಂತೋಷದ ಮಾತಿದ್ರೆ ಮಾತ್ರ ಹೇಳಿ," ಎಂದು ಫೋನನ್ನು ಸಿಸ್ಟರಮ್ಮನ ಕಿವಿಗಿಟ್ಟಳು. "ಚೆನ್ನಾಗಿವೆ," ಎಂದಳು ಅವಳು. ಆಪರೇಷನ್ ಆದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಆದರೆ ಅರಿವಳಿಕೆಯ ಮತ್ತು ಇಳಿಯುತ್ತಿದ್ದ ಹಾಗೇ ಸಿಸ್ಟರಮ್ಮ, "ಡಾಕ್ಟ್ರ ಊಟ ಆಯ್ತಾ?" ಎಂದು ಕೇಳಿದರಂತೆ. ಎದುರಿಗಿದ್ದ ನಿಜವಾದ ಡಾಕ್ಟರು, "ಈಗ ಹೋಗ್ತೀನಿ ಸಿಸ್ಟರ್," ಎಂದರಂತೆ. ವಾರ್ಡಿನವರೆಲ್ಲ ನಕ್ಕರು ಎಂದು ನರ್ಸು ಫೋನಿನಲ್ಲಿ ಹೇಳುವಾಗ ಅವಳೂ ನಕ್ಕಳು. ಹೇಳುವುದು ಅಂದೂ ಆಗಲಿಲ್ಲ.

ಆಮೇಲೆ ಸುಳ್ಳು ಅವಳಿಗೆ ರೂಢಿಯಾಯಿತು. ಡಾಕ್ಟ್ರು ಕಾಂಪೌಂಡರನ ಹೋಳನ್ನು ಕಸಿದುಕೊಂಡಿತು, ಕಾಂಪೌಂಡರ್ ಬೆನ್ನು ತಿರುಗಿಸಿ ಮುನಿಸಿಕೊಂಡಿತು, ಎಂದೆಲ್ಲ ದಿನಕ್ಕೊಂದು ಕಟ್ಟಿದಳು. ಕೌಂಟರಿನಲ್ಲಿ ನಿಂತು ಬನ್ನು ಕಟ್ಟಿಕೊಡುವಾಗ ಸಂಜೆಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದಳು.

ಗೂಡಿನ ಮುಂದೆ ಫೋನ್ ಹಿಡಿದ ಆ ಸಂಜೆಯ ನಂತರ ಸಿಸ್ಟರಮ್ಮ ದಿನಕ್ಕೆ ಎರಡು ಸಲ ಫೋನ್ ಮಾಡತೊಡಗಿದರು. ಪ್ರತಿ ಸಲವೂ ದನಿ ಕೇಳಬೇಕಿತ್ತು ಅವರಿಗೆ. "ಇನ್ನೊಂದ್ಸಲ ಕೂಗಿಸು. ಹಸಿದಿರೋ ಹಾಗೆ ಕೂಗ್ತಿಲ್ಲ," ಎನ್ನುತ್ತಿದ್ದರು. ಕಂಡಕ್ಟರ್ ಉಣ್ಣುವ ತಟ್ಟೆ ಬಿಟ್ಟೆದ್ದು ಬಂದು ಮತ್ತೆ ಕೂಗುತ್ತಿದ್ದ. "ಕಾಂಪೌಂಡರ್ ಯಾಕೋ ಮಂಕು. ಇನ್ನೊಂದ್ಸಲ." ಅವನ ತುಟಿ ಒಡೆದು ರಕ್ತ ಜಿನುಗಿತು. "ಇನ್ಮೇಲೆ ನೀನೇ ಕೂಗಿಕೋ ಮಾರಾಯ್ತಿ," ಎಂದು ರೇಗಿದ.

ಒಂದು ಸಂಜೆ ಎಲ್ಲ ಕೇಳಿಸಿಕೊಂಡ ಮೇಲೆ ಸಿಸ್ಟರಮ್ಮ ಹೇಳಿದರು, "ನಾನೂ ವಾರ್ಡಿಂದ ಎಷ್ಟು ಜನಕ್ಕೆ ಫೋನ್ ಮಾಡಿದೀನಿ ಗೊತ್ತಾ? ಪೇಷಂಟ್ ತಣ್ಣಗಾಗಿ ಅರ್ಧ ಗಂಟೆ ಆಗಿರೋದು. 'ಚೆನ್ನಾಗಿದಾರೆ, ಗಂಜಿ ಕುಡಿದ್ರು, ಗಾಬರಿ ಬೇಡ, ನಿಧಾನಕ್ಕೆ ಬನ್ನಿ' ಅಂತಿದ್ದೆ. ಥೇಟ್ ನಿನ್ನ ಥರಾನೇ ಕಣೇ. ಇದೇ ದನಿ."

ಅವಳು ಹೂಂ ಎಂದು ಫೋನ್ ಇಟ್ಟಳು.

"ಗೊತ್ತಾಗಿದೆ ರೀ ಅವ್ರಿಗೆ," ಎಂದಳು ಗಂಡನಿಗೆ.

"ಗೊತ್ತಾಗಿದ್ರೆ ಬೈತಿರ್ಲಿಲ್ವಾ? ಬೈದಿಲ್ಲ ಅಂದ್ರೆ ಗೊತ್ತಾಗಿಲ್ಲ. ನನ್ನ ಬಸ್ಸಲ್ಲಿ ದಿನಾ ನೋಡ್ತೀನಲ್ಲ ಜನಾನ."

ಹಾಗಂದರೂ ಅವನು ಮರುದಿನ ಹುಲ್ಲಿನ ಮಂಡಿಗೆ ಹೋಗಿ ಒಂದು ಚೀಲ ಒಣಹುಲ್ಲು ಹೊತ್ತು ತಂದ. ಪ್ರಾಣಿ ಮಾರುವ ಅಂಗಡಿಗೂ ಹೋಗಿದ್ದ. ಅಲ್ಲಿ ಬಿಳಿಯವು ಮಾತ್ರ ಇದ್ದವು. ಡಾಕ್ಟ್ರು ಕಂದು, ಹಣೆಯ ಮೇಲೆ ಬಿಳಿ ಮಚ್ಚೆ. ಕಾಂಪೌಂಡರ್ ಕಪ್ಪು. ಅಂಥವೇ ಬೇಕು ಎಂದದ್ದಕ್ಕೆ ಅಂಗಡಿಯವನು, "ಕಲರ್ ನೋಡಿ ಆರಿಸೋಕೆ ಇದೇನು ಬನಿಯನ್ನಾ ಸ್ವಾಮಿ?" ಎಂದು ಗದರಿ, ಭಾನುವಾರ ಬಾ, ತರಿಸಿಕೊಡುತ್ತೇನೆ ಎಂದಿದ್ದ.

ಸಿಸ್ಟರಮ್ಮ ಶುಕ್ರವಾರವೇ ಬಂದರು. ಮುಂಚೆ ಹೇಳಿರಲಿಲ್ಲ. ಕಾರಿನ ಬಾಗಿಲು ಬಡಿದ ಸದ್ದಿಗೆ ಅವಳು ಹೊರಗೆ ಓಡಿದಾಗ ಅವರು ವಾಕರ್ ಊರಿಕೊಂಡು ಗೇಟು ದಾಟುತ್ತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಮೊಣಕೈ ಮಡಚುವಲ್ಲಿ ಹತ್ತಿಯ ಪಟ್ಟಿ ಇನ್ನೂ ಅಂಟಿತ್ತು. ಹಾಸಿಗೆಯ ಕಡೆ ತಿರುಗದೆ, ವಾಕರನ್ನು ಎತ್ತಿಡುತ್ತ, ಎತ್ತಿಡುತ್ತ, ನೇರ ಗೂಡಿದ್ದ ಪಡಸಾಲೆಗೆ ನಡೆದರು.

ಅವಳು ಮಾತನ್ನು ಸಿದ್ಧ ಮಾಡಿಟ್ಟುಕೊಂಡಿದ್ದಳು. "ಸಿಸ್ಟರಮ್ಮ, ಒಂದು ವಿಷ್ಯ..."

"ಆಮೇಲೆ. ಊಟದ ಹೊತ್ತು ಮೀರಿದೆ ಅವಕ್ಕೆ."

ಗೂಡಿನ ಮುಂದೆ ನಿಂತು ಸಿಸ್ಟರಮ್ಮ ಒಳಗೆ ನೋಡಿದರು. ತೊಳೆದ ತಟ್ಟೆ, ನೀರು ತುಂಬಿದ ಬಾಟಲಿ. ಬಾಟಲಿಯ ಮೂತಿಯನ್ನು ಬೆರಳಿನಿಂದ ಒಮ್ಮೆ ತಟ್ಟಿದರು. ಅಷ್ಟೇ.

"ಡಾಕ್ಟ್ರು ತೂಕ ಇಳಿದಿದಾರೆ," ಎಂದರು. "ಹೋಗು, ಸೊಪ್ಪು ತೊಳ್ಕೊಂಡು ಬಾ. ಕಂಡಕ್ಟ್ರೇ, ನೀವು ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ. ನಿಮ್ಮ ಹೆಂಡ್ತಿ ಒಬ್ಬಳೇ ಎಷ್ಟಂತ ಮಾಡ್ತಾಳೆ."

ಅವಳು ಅಡುಗೆಮನೆಯಿಂದ ಕೊತ್ತಂಬರಿ, ದೊಣ್ಣೆ ಮೆಣಸಿನಕಾಯಿ, ಸೌತೆಕಾಯಿ ತಂದಳು. ಹೆಚ್ಚುವಾಗ ಚಾಕು ಮಣೆಗೆ ತಗುಲಿ ಟಕಟಕ ಎನ್ನುತ್ತಿತ್ತು. ಬೀಜ ತೆಗೆಸಿದರು ಸಿಸ್ಟರಮ್ಮ. ಕೊತ್ತಂಬರಿಯನ್ನು ತೂಗಿ ನೋಡುವಂತೆ ನೋಡಿ, "ಹಿಡಿ ಅಂದ್ರೆ ನಿನ್ನ ಹಿಡಿ ಅಲ್ಲ, ನನ್ನ ಹಿಡಿ," ಎಂದು ಇನ್ನಷ್ಟು ಹಾಕಿಸಿದರು. ತಟ್ಟೆಯನ್ನು ಗೂಡಿನೊಳಗೆ ಇಡಿಸಿದರು. ಹುಲ್ಲಿನ ಚೀಲದ ಬಾಯಿ ಬಿಚ್ಚಿಸಿದರು. ಆಮೇಲೆ ಕುರ್ಚಿ ಎಳೆಸಿಕೊಂಡು ಕೂತರು.

ಮೂವರೂ ತಟ್ಟೆ ನೋಡುತ್ತಿದ್ದರು. ಸೊಪ್ಪಿನ ನೀರು ತಟ್ಟೆಗೆ ಇಳಿಯಿತು.

"ಹತ್ತು ನಿಮಿಷದಲ್ಲಿ ಖಾಲಿ ಆಗುತ್ತೆ ಅಂತಿದ್ದೆಯಲ್ಲ," ಎಂದರು ಸಿಸ್ಟರಮ್ಮ.

ಅವಳು ಅವರ ಕಾಲ ಬಳಿ ಕುಸಿದಳು. "ಸಿಸ್ಟರಮ್ಮ, ನಮ್ಮನ್ನ ಹೊರಗೆ ಹಾಕ್ಬೇಡಿ."

"ಯಾರು ಹಾಕ್ತಾರೆ? ಇವು ಇರೋವರೆಗೂ ನೀವೂ ಇರ್ತೀರಿ. ಮಾತು ಅಂದ್ರೆ ಮಾತು." ಅವರು ಗೂಡಿನ ಕಡೆ ಕತ್ತು ಚಾಚಿದರು. "ಓಹೋ, ನಾನು ನೋಡ್ತಿದೀನಿ ಅಂತ ನಾಚಿಕೆ. ತಿಂಗಳಾಯ್ತಲ್ಲ ನನ್ನ ಮುಖ ನೋಡಿ. ಆ ಕಡೆ ತಿರುಗಿ ಕೂತ್ಕೋತೀನಿ."

ಕಂಡಕ್ಟರ್‌ನ ಕೈಯಿಂದ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಬೆನ್ನು ಹಾಕಿ ಕೂತರು. ಗೋಡೆಗೆ ಅವರ ಮುಖ ಒಂದು ಮೊಳ ದೂರವಿತ್ತು.

ಕಂಡಕ್ಟರ್ ತಟ್ಟೆ ಎತ್ತಿ ಕಿಟಕಿಯಾಚೆ ಚೆಲ್ಲುವಂತೆ ಸನ್ನೆ ಮಾಡಿದ. ಕಿಟಕಿಗೆ ಸೊಳ್ಳೆ ಪರದೆ ಬಡಿದಿತ್ತು.

"ಅಗಿಯೋ ಸದ್ದು ಕೇಳ್ತಿಲ್ಲ," ಎಂದರು ಸಿಸ್ಟರಮ್ಮ ಗೋಡೆಗೆ.

ಅವಳು ಗೂಡಿನೊಳಗೆ ಕೈ ಹಾಕಿದಳು. ಮೆಣಸಿನಕಾಯಿಯ ಹೋಳನ್ನು ಬಾಯಿಗಿಟ್ಟುಕೊಂಡು ಕಚ್ಚಿದಳು. ಕರಕ್ ಎಂದಿತು.

"ಹಾಂ. ಇದು ಡಾಕ್ಟ್ರು. ಕಾಂಪೌಂಡರ್ ಎಲ್ಲಿ?"

ಕಂಡಕ್ಟರ್ ಹೆಂಡತಿಯನ್ನು ನೋಡಿದ. ಅವಳು ಗೂಡಿನಿಂದ ತಟ್ಟೆ ಹೊರತೆಗೆದು ಅವನ ಕಡೆ ಸರಿಸಿದಳು. ಅವನು ಖಾಕಿ ಪ್ಯಾಂಟಿನ ಮೊಣಕಾಲೂರಿ ಕೂತು, ಒಡೆದ ತುಟಿಗೆ ರಸ ತಾಗದಂತೆ ಹಲ್ಲು ಮುಂದೆ ಮಾಡಿ ಕಚ್ಚಿದ. ಇಬ್ಬರೂ ಸೌತೆಕಾಯಿ ತಿಂದರು. ಹಸಿ ಕೊತ್ತಂಬರಿಯನ್ನು ದಂಟಿನ ಸಮೇತ ತುರುಕಿಕೊಂಡರು. ಸಿಸ್ಟರಮ್ಮನ ತಲೆ ಪ್ರತಿ ಅಗಿತಕ್ಕೂ ಸಣ್ಣಗೆ ಆಡುತ್ತಿತ್ತು.

"ಸಿಸ್ಟರಮ್ಮ, ಅವು ಸತ್..." ಎಂದಳು ಅವಳು, ಬಾಯಲ್ಲಿ ಸೊಪ್ಪಿಟ್ಟುಕೊಂಡೇ.

"ಬಾಯಿ ತುಂಬ ಇಟ್ಕೊಂಡು ಮಾತಾಡಬಾರದಮ್ಮ," ಎಂದರು ಸಿಸ್ಟರಮ್ಮ.

ತಟ್ಟೆ ಖಾಲಿಯಾಯಿತು. ತಳದಲ್ಲಿ ಒಂದು ಗುಟುಕು ಹಸಿರು ನೀರು ಉಳಿಯಿತು. ಅವಳು ತಟ್ಟೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಮುಗಿಯಿತೆಂದು ಅಂಗೈಯಿಂದ ಬಾಯಿ ಒರೆಸಿಕೊಂಡಳು.

ಸಿಸ್ಟರಮ್ಮ ತಿರುಗಲಿಲ್ಲ. ಪಕ್ಕದಲ್ಲಿದ್ದ ವಾಕರ್‌ನ ಹಿಡಿಗೆ ಕೈ ಹಾಕಿ, ಅದರ ರಬ್ಬರ್ ಕಾಲಿನಿಂದ, ಬಾಯಿ ಬಿಚ್ಚಿದ ಹುಲ್ಲಿನ ಚೀಲವನ್ನು ನೆಲದ ಮೇಲೆ ಮೆಲ್ಲಗೆ ಹಿಂದಕ್ಕೆ, ಅವರಿಬ್ಬರ ಕಡೆಗೆ, ತಳ್ಳಿದರು.